ಕೆನ್ಯಾ ಐಸ್ ಲಯನ್ಸ್: ಎದುರಾಳಿಯೇ ಇಲ್ಲದೆ ಹುಟ್ಟಿದ ಐಸ್ ಹಾಕಿ ಕ್ಲಬ್

ಕ್ರೀಡಾ ಮಾಹಿತಿ

ಆಫ್ರಿಕಾ ಖಂಡದ ಕೆನ್ಯಾ ದೇಶ ಎಂದ ಕೂಡಲೇ ನಮಗೆ ನೆನಪಾಗುವವರು ದೂರದ ಓಟಗಾರರು. ಒಲಿಂಪಿಕ್ಸ್ ಬಂದಾಗಲೆಲ್ಲ ಅವರ ಹೆಸರು ಕೇಳುತ್ತೇವೆ. ಅದೇ ದೇಶದ ರಾಜಧಾನಿ ನೈರೋಬಿಯಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ಆಡುವ ಐಸ್ ಹಾಕಿಗೂ ಒಂದು ಕ್ಲಬ್ ಇದೆ. ಅದರ ಹೆಸರು ಕೆನ್ಯಾ ಐಸ್ ಲಯನ್ಸ್. ಹಿಮ ಬೀಳದ ಊರಿನಲ್ಲಿ ಈ ಆಟ ಹೇಗೆ ಬಂತು, ಯಾರು ಕಟ್ಟಿದರು, ಇಂದು ಎಲ್ಲಿಗೆ ಮುಟ್ಟಿದೆ ಎಂಬ ವಿವರಗಳನ್ನು ಸದಸ್ಯರಿಗಾಗಿ ಇಲ್ಲಿ ಒಟ್ಟುಗೂಡಿಸಿದ್ದೇವೆ. ಆಟದ ನಿಯಮ ಗೊತ್ತಿಲ್ಲದವರಿಗೂ ಅರ್ಥವಾಗಲೆಂದು ಮೂಲ ಸಂಗತಿಗಳನ್ನೂ ಸೇರಿಸಿದ್ದೇವೆ.

ಒಂದು ನೋಟದಲ್ಲಿ

ಕ್ಲಬ್: ಕೆನ್ಯಾ ಐಸ್ ಲಯನ್ಸ್
ಊರು: ನೈರೋಬಿ, ಕೆನ್ಯಾ
ಅಂಗಳ: ಮೊಂಬಾಸಾ ರಸ್ತೆಯ ಪನಾರಿ ಹೋಟೆಲಿನ ಒಳಗಿನ ಐಸ್ ರಿಂಕ್
ರಿಂಕ್ ಆರಂಭ: 2005
ತಂಡ ರೂಪುಗೊಂಡದ್ದು: 2016
ಕೆನಡಾ ಪ್ರವಾಸ: 2018
ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟಕ್ಕೆ ಕೆನ್ಯಾದ ಸೇರ್ಪಡೆ: 2024

ಊರು ಮತ್ತು ಹವೆ

ನೈರೋಬಿ ಸಮಭಾಜಕ ವೃತ್ತದಿಂದ ದಕ್ಷಿಣಕ್ಕೆ ಸುಮಾರು 140 ಕಿಲೋಮೀಟರ್ ದೂರದಲ್ಲಿದೆ. ಆದರೂ ಅಲ್ಲಿ ಉರಿ ಸೆಕೆ ಇಲ್ಲ. ಊರು ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿದೆ. ನಮ್ಮ ನೀಲಗಿರಿ ಕಡೆಯ ಸದಸ್ಯರಿಗೆ ಹೇಳುವುದಾದರೆ, ಹೆಚ್ಚುಕಡಿಮೆ ಕೂನೂರಿನಷ್ಟು ಎತ್ತರ. ಹಗಲಿನ ಬಿಸಿ ವರ್ಷದ ಬಹುಕಾಲ 25 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮಳೆಗಾಲವಿದೆ, ಚಳಿಯ ದಿನಗಳೂ ಇವೆ. ಆದರೆ ಕೆರೆ ಹೆಪ್ಪುಗಟ್ಟುವಷ್ಟು ಚಳಿ ಇಲ್ಲ. ಕೆನ್ಯಾದಲ್ಲಿ ತಾನಾಗಿ ಹಿಮ ಕಾಣುವುದು 5,199 ಮೀಟರ್ ಎತ್ತರದ ಕೆನ್ಯಾ ಪರ್ವತದ ತುದಿಯಲ್ಲಿ. ಅಲ್ಲಿನ ಹಿಮನದಿಗಳೂ ವರ್ಷದಿಂದ ವರ್ಷಕ್ಕೆ ಕರಗಿ ಕಿರಿದಾಗುತ್ತಿವೆ.

ಹಾಗಾಗಿ ಚಳಿಗಾಲದ ಕ್ರೀಡೆ ಎಂಬುದು ಅಲ್ಲಿನ ಜನರಿಗೆ ಬಹುಕಾಲ ಟಿವಿಯ ವಿಷಯವಾಗಿತ್ತು. ಅದಕ್ಕೆ ಮೊದಲ ಅಪವಾದ ಫಿಲಿಪ್ ಬೋಯಿಟ್. ಓಟಗಾರನಾಗಿದ್ದ ಅವರು ಸ್ಕೀಯಿಂಗ್ ಕಲಿತು 1998ರಲ್ಲಿ ಜಪಾನಿನ ನಗಾನೊ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 10 ಕಿಲೋಮೀಟರ್ ಸ್ಪರ್ಧೆಗೆ ಇಳಿದರು. ಎಲ್ಲರಿಗಿಂತ ಕೊನೆಯಲ್ಲಿ ಗುರಿ ಮುಟ್ಟಿದರು. ಚಿನ್ನ ಗೆದ್ದ ನಾರ್ವೆಯ ಬ್ಯೋರ್ನ್ ಡಾಲಿ ಅಷ್ಟು ಹೊತ್ತೂ ಕಾದಿದ್ದು ಅವರನ್ನು ಅಪ್ಪಿಕೊಂಡರು. ಬೋಯಿಟ್ ಆಮೇಲೆ ತಮ್ಮ ಮಗನಿಗೆ ಡಾಲಿ ಎಂಬ ಹೆಸರನ್ನೇ ಇಟ್ಟರು. 2018ರಲ್ಲಿ ಸಬ್ರಿನಾ ಸಿಮಾಡರ್ ಚಳಿಗಾಲದ ಒಲಿಂಪಿಕ್ಸ್‌ಗೆ ಹೋದ ಕೆನ್ಯಾದ ಮೊದಲ ಮಹಿಳೆಯಾದರು. ಇವರಿಬ್ಬರದೂ ಒಬ್ಬೊಬ್ಬರೇ ನಡೆಸುವ ಸಾಹಸ. ಒಂದು ಇಡೀ ತಂಡ ಕಟ್ಟುವುದು ಬೇರೆಯೇ ಮಾತು.

ಹಾಕಿ ಇತ್ತು, ಐಸ್ ಇರಲಿಲ್ಲ

ಕೆನ್ಯಾಕ್ಕೆ ಹಾಕಿಯೇ ಹೊಸದು ಎಂದುಕೊಳ್ಳಬಾರದು. ಹುಲ್ಲಿನ ಮೇಲೆ ಆಡುವ ನಮ್ಮ ಹಾಕಿಯಲ್ಲಿ ಕೆನ್ಯಾ ಒಂದು ಕಾಲಕ್ಕೆ ದೊಡ್ಡ ಹೆಸರು. 1971ರಲ್ಲಿ ಬಾರ್ಸಿಲೋನಾದಲ್ಲಿ ನಡೆದ ಮೊದಲ ವಿಶ್ವಕಪ್‌ನಲ್ಲಿ ಕೆನ್ಯಾ ಸೆಮಿಫೈನಲ್ ತಲುಪಿತು. ಮೂರನೆಯ ಸ್ಥಾನಕ್ಕಾಗಿ ಭಾರತದ ಎದುರೇ ಆಡಿ 2–1ರಲ್ಲಿ ಸೋತು ನಾಲ್ಕನೆಯದಾಯಿತು. ಆ ಕಾಲದ ನಾಯಕ ಅವತಾರ್ ಸಿಂಗ್ ಸೊಹಾಲ್ 1960ರಿಂದ 1972ರವರೆಗೆ ನಾಲ್ಕು ಒಲಿಂಪಿಕ್ಸ್ ಆಡಿದವರು.

ಈ ಹಾಕಿಯನ್ನು ಅಲ್ಲಿ ಬೆಳೆಸಿದವರಲ್ಲಿ ಭಾರತ ಮೂಲದವರೇ ಮುಂದಿದ್ದರು. ಮೊಂಬಾಸಾದಿಂದ ಒಳನಾಡಿಗೆ ರೈಲುಹಾದಿ ಹಾಕುವ ಕೆಲಸ 1896ರಲ್ಲಿ ಶುರುವಾದಾಗ ಸಾವಿರಾರು ಭಾರತೀಯರು, ಅವರಲ್ಲೂ ಪಂಜಾಬಿನವರು, ಕೂಲಿಗೆ ಹೋದರು. ಗುಮಾಸ್ತಿಕೆ ಮತ್ತು ಸರ್ಕಾರಿ ಕಚೇರಿ ಕೆಲಸಗಳಿಗೆ ಗೋವಾದಿಂದ ಬಹಳ ಕುಟುಂಬಗಳು ಹೋಗಿ ನೆಲೆಸಿದವು. ಹೋದ ಕಡೆ ಅವರು ತಮ್ಮ ತಮ್ಮ ಸಂಘ, ಕ್ಲಬ್ ಕಟ್ಟಿಕೊಂಡರು. ಸಂಜೆಯಾದರೆ ಅಲ್ಲಿ ಹಾಕಿ. ಕೆನ್ಯಾದ ಒಲಿಂಪಿಕ್ ತಂಡಗಳಲ್ಲಿ ಸಿಖ್ಖರ ಪಕ್ಕದಲ್ಲೇ ಗೋವಾ ಮೂಲದ ಆಟಗಾರರ ಹೆಸರುಗಳು ಕಾಣುವುದು ಇದರಿಂದಲೇ. ನಮ್ಮ ಗೋವಾ ಶಾಖೆಯ ಸದಸ್ಯರು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳಬಹುದು.

ಮುಂದೆ ಆ ಕುಟುಂಬಗಳಲ್ಲಿ ಬಹಳಷ್ಟು ಬ್ರಿಟನ್, ಕೆನಡಾ ಮೊದಲಾದ ಕಡೆ ವಲಸೆ ಹೋದವು. ಹುಲ್ಲಿನ ಬದಲು ದುಬಾರಿ ಕೃತಕ ಹಾಸು ಬಂತು. ಕೆನ್ಯಾದ ಹಾಕಿ ಹಿಂದೆ ಬಿತ್ತು. ಐಸ್ ಹಾಕಿಗೆ ಬಂದ ಇಂದಿನ ಯುವಕರು ಆ ಹಳೆಯ ಪರಂಪರೆಯಿಂದ ಬಂದವರಲ್ಲ. ಅವರು ಬಂದದ್ದು ಬೀದಿಯ ರೋಲರ್ ಸ್ಕೇಟಿಂಗ್‌ನಿಂದ.

ಹೋಟೆಲಿನೊಳಗಿನ ಐಸ್ ಅಂಗಳ

ನೈರೋಬಿಯ ವಿಮಾನ ನಿಲ್ದಾಣಕ್ಕೆ ಹೋಗುವ ಮೊಂಬಾಸಾ ರಸ್ತೆಯಲ್ಲಿ ಪನಾರಿ ಹೋಟೆಲ್ ಇದೆ. 2005ರಲ್ಲಿ ಅದರ ಕಟ್ಟಡದೊಳಗೆ ಒಂದು ಐಸ್ ರಿಂಕ್ ತೆರೆದರು. ಪೂರ್ವ ಆಫ್ರಿಕಾದಲ್ಲಿ ಅಂಥದ್ದು ಅದೇ ಮೊದಲು. ತೆರೆದದ್ದು ಕ್ರೀಡೆಗಲ್ಲ, ಮೋಜಿಗೆ. ಮಕ್ಕಳನ್ನು ಕರೆದುಕೊಂಡು ಬರುವ ಕುಟುಂಬಗಳು ಗಂಟೆಯ ಲೆಕ್ಕದಲ್ಲಿ ಹಣ ಕೊಟ್ಟು ಜಾರಾಡಿ ಹೋಗಲಿ ಎಂಬುದು ಉದ್ದೇಶ.

ಬಿಸಿಲಿನ ನಾಡಿನಲ್ಲಿ ಐಸ್ ನಿಲ್ಲಿಸುವುದು ಹೇಗೆ ಎಂದು ಹಲವರು ಕೇಳುತ್ತಾರೆ. ತತ್ವ ನಮ್ಮ ಮನೆಯ ಫ್ರಿಜ್ಜಿನದೇ. ಕಾಂಕ್ರೀಟ್ ನೆಲದೊಳಗೆ ಒತ್ತೊತ್ತಾಗಿ ಕೊಳವೆಗಳನ್ನು ಹಾಯಿಸಿರುತ್ತಾರೆ. ಯಂತ್ರದಿಂದ ಸೊನ್ನೆಗಿಂತ ಕೆಳಗೆ ತಣಿಸಿದ ಉಪ್ಪುನೀರು ಅಥವಾ ಹೆಪ್ಪುಗಟ್ಟದ ಬೇರೆ ದ್ರವ ಆ ಕೊಳವೆಗಳಲ್ಲಿ ಸುತ್ತುತ್ತಿರುತ್ತದೆ. ನೆಲ ತಣ್ಣಗಾದ ಮೇಲೆ ನೀರನ್ನು ತೆಳ್ಳಗೆ ಪದರ ಪದರವಾಗಿ ಸಿಂಪಡಿಸುತ್ತಾರೆ. ಒಂದು ಪದರ ಗಟ್ಟಿಯಾದ ಮೇಲೆ ಇನ್ನೊಂದು. ಹೀಗೆ ಸುಮಾರು ಮೂರು ಸೆಂಟಿಮೀಟರ್ ದಪ್ಪದ ಐಸ್ ಸಿದ್ಧವಾಗುತ್ತದೆ. ಆಟದ ಗೆರೆಗಳನ್ನು ಪದರಗಳ ನಡುವೆ ಬಣ್ಣದಲ್ಲಿ ಬರೆದಿರುತ್ತಾರೆ. ಹಾಕಿ ಆಡಲು ಐಸಿನ ಮೇಲ್ಮೈ ಸೊನ್ನೆಗಿಂತ ನಾಲ್ಕೈದು ಡಿಗ್ರಿ ಕೆಳಗಿರಬೇಕು. ಬಿಸಿ ಹೆಚ್ಚಾದರೆ ಐಸ್ ಮೆತ್ತಗಾಗಿ ಸ್ಕೇಟಿನ ಅಲಗು ಹೂತುಕೊಳ್ಳುತ್ತದೆ. ತೀರಾ ತಣ್ಣಗಾದರೆ ಚೂರು ಚೂರಾಗಿ ಏಳುತ್ತದೆ.

ಈ ಯಂತ್ರ ಹಗಲು ರಾತ್ರಿ ಓಡಬೇಕು. ಒಂದು ದಿನ ನಿಂತರೂ ಅಂಗಳ ನೀರಾಗುತ್ತದೆ. ಆದ್ದರಿಂದ ಬಿಸಿ ನಾಡಿನ ಯಾವುದೇ ಐಸ್ ಹಾಕಿ ಕ್ಲಬ್ಬಿನ ಆಯುಷ್ಯ ಕೊನೆಗೆ ಕರೆಂಟ್ ಬಿಲ್ಲಿನ ಮೇಲೆ ನಿಂತಿರುತ್ತದೆ. ಈ ಮಾತನ್ನು ನೆನಪಿಟ್ಟುಕೊಂಡರೆ ಮುಂದಿನ ಕಥೆ ಸುಲಭವಾಗಿ ತಿಳಿಯುತ್ತದೆ.

ಆಟದ ಪರಿಚಯ

ಕಟ್ಟಡದೊಳಗೆ ನಿಯಮ ಹಾಕಿಕೊಂಡು ನಡೆಸಿದ ಮೊದಲ ಐಸ್ ಹಾಕಿ ಪಂದ್ಯ 1875ರ ಮಾರ್ಚ್ 3ರಂದು ಕೆನಡಾದ ಮಾಂಟ್ರಿಯಲ್ ನಗರದಲ್ಲಿ ನಡೆಯಿತು. ಒಲಿಂಪಿಕ್ಸ್‌ಗೆ ಈ ಆಟ ಬಂದದ್ದು 1920ರಲ್ಲಿ. ಮುಖ್ಯ ಸಂಗತಿಗಳು ಇಷ್ಟು:

ತಂಡ: ಒಂದು ಸಲಕ್ಕೆ ಗೋಲಿ ಸೇರಿ ಆರು ಜನ ಅಂಗಳದಲ್ಲಿರುತ್ತಾರೆ. ಆಟ ನಿಲ್ಲಿಸದೆಯೇ ಆಟಗಾರರು ಬದಲಾಗುತ್ತಾರೆ. ಒಬ್ಬ ಆಟಗಾರ ಒಂದು ಸಲಕ್ಕೆ ಸುಮಾರು ಮುಕ್ಕಾಲು ನಿಮಿಷ ಮೈಮರೆತು ಓಡಿ ಹೊರಗೆ ಬರುತ್ತಾನೆ. ಅಷ್ಟು ದಣಿವಿನ ಆಟ.

ಕಾಲ: 20 ನಿಮಿಷದ ಮೂರು ಅವಧಿಗಳು.

ಪಕ್: ಚೆಂಡಿನ ಬದಲು ಗಟ್ಟಿ ರಬ್ಬರಿನ ಚಪ್ಪಟೆ ಬಿಲ್ಲೆ. ಅಡ್ಡಳತೆ 7.62 ಸೆಂ.ಮೀ., ದಪ್ಪ 2.54 ಸೆಂ.ಮೀ., ತೂಕ 156ರಿಂದ 170 ಗ್ರಾಂ.

ಗೋಲ್: 1.83 ಮೀಟರ್ ಅಗಲ, 1.22 ಮೀಟರ್ ಎತ್ತರ.

ಶಿಕ್ಷೆ: ತಪ್ಪು ಮಾಡಿದವನು ಸಾಮಾನ್ಯವಾಗಿ ಎರಡು ನಿಮಿಷ ಹೊರಗೆ ಕೂರಬೇಕು. ಅಷ್ಟು ಹೊತ್ತು ಅವನ ತಂಡ ಒಬ್ಬ ಕಡಿಮೆ ಇಟ್ಟುಕೊಂಡೇ ಆಡಬೇಕು.

ಅಂಗಳ: ಅಂತರರಾಷ್ಟ್ರೀಯ ಪಂದ್ಯಗಳ ಅಂಗಳ 60 ಮೀಟರ್ ಉದ್ದ, 26ರಿಂದ 30 ಮೀಟರ್ ಅಗಲ. ಸುತ್ತ ಮೂಲೆ ದುಂಡಾದ ಹಲಗೆಗೋಡೆ.

ರಕ್ಷಣೆ: ಹೆಲ್ಮೆಟ್, ಭುಜ–ಮೊಣಕೈ–ಮೊಣಕಾಲಿನ ಪ್ಯಾಡ್, ದಪ್ಪ ಕೈಗವಸು. ಗೋಲಿಯ ಸಾಮಾನು ಇನ್ನೂ ಬೇರೆ, ಇನ್ನೂ ದುಬಾರಿ.

ತಂಡ ಕಟ್ಟಿದ ಬಗೆ

ಪನಾರಿಯ ರಿಂಕ್ ತೆರೆದ ಮೇಲೆ ಅಲ್ಲಿಗೆ ಬಂದವರಲ್ಲಿ ಎರಡು ಬಗೆಯವರಿದ್ದರು. ಕೆನಡಾ, ಅಮೆರಿಕದಿಂದ ರಾಯಭಾರ ಕಚೇರಿ ಮತ್ತಿತರ ಕೆಲಸಗಳಿಗೆ ಬಂದು ನೈರೋಬಿಯಲ್ಲಿ ನೆಲೆಸಿದವರು ಒಂದು ಕಡೆ. ಚಿಕ್ಕಂದಿನಿಂದ ಆಡಿದ ಆಟ ಬಿಟ್ಟಿರಲಾರದೆ ಅವರು ಕೋಲು ಹಿಡಿದು ಬಂದರು. ಇನ್ನೊಂದು ಕಡೆ ನೈರೋಬಿಯ ಹುಡುಗರು. ಅವರಲ್ಲಿ ಹಲವರು ರಸ್ತೆ ಮತ್ತು ಪಾರ್ಕಿಂಗ್ ಜಾಗಗಳಲ್ಲಿ ಚಕ್ರದ ಸ್ಕೇಟ್ ಮೇಲೆ ಪಳಗಿದವರು. ಸಾಲಾಗಿ ಚಕ್ರವಿರುವ ಸ್ಕೇಟಿನಲ್ಲಿ ಸಮತೋಲನ ಬಂದವನಿಗೆ ಐಸಿನ ಅಲಗು ಅಷ್ಟು ಅಪರಿಚಿತವಲ್ಲ. ತಿರುಗುವುದು, ಹಿಮ್ಮುಖ ಓಡುವುದು ಬೇಗ ಕೈವಶವಾಗುತ್ತದೆ. ಕಷ್ಟವಿರುವುದು ನಿಲ್ಲುವುದರಲ್ಲಿ. ಅಲಗನ್ನು ಅಡ್ಡ ತಿರುಗಿಸಿ ಐಸನ್ನು ಕೆರೆದು ನಿಲ್ಲುವ ವಿದ್ಯೆಯನ್ನು ಹೊಸದಾಗಿಯೇ ಕಲಿಯಬೇಕು.

ಹೊರಗಿನಿಂದ ಬಂದವರು ಆಟ ಕಲಿಸಿದರು, ಊರಿಗೆ ಹೋಗಿ ಬರುವಾಗ ಹಳೆಯ ಸ್ಕೇಟು, ಕೋಲು, ಪ್ಯಾಡುಗಳನ್ನು ತಂದುಕೊಟ್ಟರು. 2016ರಲ್ಲಿ ಐಸ್ ಲಯನ್ಸ್ ಎಂಬ ಹೆಸರಿನ ತಂಡ ಗಟ್ಟಿಯಾಯಿತು. ಕೆನ್ಯಾದ ಅಂಗಡಿಗಳಲ್ಲಿ ಐಸ್ ಹಾಕಿಯ ಸಾಮಾನು ಸಿಗುವುದಿಲ್ಲ. ಆದ್ದರಿಂದ ಮೊದಲ ವರ್ಷಗಳಲ್ಲಿ ಯಾರ ಕಾಲಿಗೆ ಯಾವ ಸ್ಕೇಟ್ ಹಿಡಿಯುತ್ತದೋ ಅದೇ ಅವರದಾಗುತ್ತಿತ್ತು. ರಿಂಕ್ ಪ್ರಮಾಣದ ಅಂಗಳಕ್ಕಿಂತ ಬಹಳ ಚಿಕ್ಕದು. ಪೂರ್ತಿ ಎರಡು ತಂಡ ಇಳಿದರೆ ಓಡಲು ಜಾಗವಿಲ್ಲ, ಕಡಿಮೆ ಜನರನ್ನು ಇಟ್ಟುಕೊಂಡೇ ಆಡಬೇಕು. ಚಿಕ್ಕ ಅಂಗಳಕ್ಕೆ ಒಂದು ಲಾಭವೂ ಇದೆ: ಪಕ್ ಮತ್ತೆ ಮತ್ತೆ ಎಲ್ಲರ ಬಳಿಗೂ ಬರುತ್ತದೆ, ಇಕ್ಕಟ್ಟಿನಲ್ಲಿ ಅದನ್ನು ಹಿಡಿದಿಟ್ಟುಕೊಳ್ಳುವ ಕೈಚಳಕ ಬೇಗ ಬರುತ್ತದೆ. ದೊಡ್ಡ ಅಂಗಳಕ್ಕೆ ಹೋದಾಗ ಮಾತ್ರ ಉಸಿರು ಸಾಲದು.

ಎಲ್ಲಕ್ಕಿಂತ ದೊಡ್ಡ ಕೊರತೆ ಬೇರೆಯದು. ಕೆನ್ಯಾದಲ್ಲಿ ಇದ್ದದ್ದು ಈ ಒಂದೇ ತಂಡ. ಸುತ್ತಲಿನ ದೇಶಗಳಲ್ಲೂ ತಂಡವಿಲ್ಲ, ರಿಂಕಿಲ್ಲ. ಕಬಡ್ಡಿಯಾಗಲಿ ಹಾಕಿಯಾಗಲಿ, ಆಟವೆಂದರೆ ಎದುರಿಗೆ ಒಬ್ಬರು ಬೇಕು. ಐಸ್ ಲಯನ್ಸ್‌ನವರು ತಮ್ಮಲ್ಲೇ ಎರಡು ಪಾಲಾಗಿ ಆಡುತ್ತಿದ್ದರು. ಎದುರಾಳಿಯ ಎಡಗೈ ಯಾವ ಕಡೆ ಹೊರಳುತ್ತದೆಂದು ಮೊದಲೇ ಗೊತ್ತಿರುವ ಆಟ ಅದು. ತಾವು ನಿಜವಾಗಿ ಎಷ್ಟರವರು ಎಂದು ಅಳೆಯಲು ಅವರಿಗೆ ದಾರಿಯೇ ಇರಲಿಲ್ಲ.

2018: ಕೆನಡಾ ಪ್ರವಾಸ

ಈ ಸುದ್ದಿ ಕೆನಡಾದ ಟಿಮ್ ಹಾರ್ಟನ್ಸ್ ಎಂಬ ಕಾಫಿ ಅಂಗಡಿಗಳ ಕಂಪನಿಗೆ ತಲುಪಿತು. ಆ ಕಂಪನಿಯನ್ನು ಶುರುಮಾಡಿದ ಟಿಮ್ ಹಾರ್ಟನ್ ಸ್ವತಃ ಐಸ್ ಹಾಕಿ ಆಟಗಾರ. 2018ರಲ್ಲಿ ಕಂಪನಿ ಐಸ್ ಲಯನ್ಸ್‌ನ 12 ಆಟಗಾರರನ್ನು ಕೆನಡಾಕ್ಕೆ ಕರೆಸಿಕೊಂಡಿತು. ಅವರಿಗೆ ಹೊಸ ಸಾಮಾನು ಕೊಟ್ಟಿತು. ಪ್ರಮಾಣದ ಅಂಗಳದಲ್ಲಿ, ಬೇರೆ ತಂಡದ ಎದುರು ಆಡುವ ಅವಕಾಶ ಅವರಿಗೆ ಸಿಕ್ಕಿದ್ದು ಆಗಲೇ. ಆ ಪಂದ್ಯದಲ್ಲಿ ಅವರ ಜೊತೆಗೆ ಸಿಡ್ನಿ ಕ್ರಾಸ್ಬಿ ಮತ್ತು ನೇಥನ್ ಮೆಕಿನನ್ ಎಂಬ ಇಬ್ಬರು ಅಂಗಳಕ್ಕಿಳಿದರು. ನಮ್ಮ ಗಲ್ಲಿ ಕ್ರಿಕೆಟ್ ತಂಡದ ಜೊತೆ ಕೊಹ್ಲಿ ಬಂದು ಪ್ಯಾಡ್ ಕಟ್ಟಿದ ಹಾಗೆ ಎಂದರೆ ಅದರ ತೂಕ ತಿಳಿಯುತ್ತದೆ. ಈ ಪ್ರವಾಸವನ್ನು ಕಂಪನಿ ಒಂದು ಕಿರುಚಿತ್ರವಾಗಿ ಹೊರತಂದಿತು. ಅದು ಜಗತ್ತಿನ ಹಲವು ಕಡೆ ಜನ ನೋಡಿದ ಚಿತ್ರವಾಯಿತು.

ಅದು ಜಾಹೀರಾತೂ ಹೌದು, ಸಹಾಯವೂ ಹೌದು. ಕಂಪನಿಗೆ ಹೆಸರು ಬಂತು, ತಂಡಕ್ಕೆ ಸಾಮಾನು ಬಂತು. ಆದರೆ ಪ್ರವಾಸ ಮುಗಿಸಿ ಬಂದ ಆಟಗಾರರು ಇಳಿದದ್ದು ಮತ್ತೆ ಅದೇ ಚಿಕ್ಕ ರಿಂಕಿಗೆ. ಒಂದು ಪ್ರವಾಸದಿಂದ ದೇಶದಲ್ಲಿ ಎರಡನೆಯ ತಂಡ ಹುಟ್ಟುವುದಿಲ್ಲ. 2020ರಲ್ಲಿ ಕೋವಿಡ್ ಬಂದಾಗ ರಿಂಕ್ ಮುಚ್ಚಿತು. ಐಸ್ ಇಲ್ಲದ ಐಸ್ ಹಾಕಿ ಕ್ಲಬ್ ಏನು ಮಾಡಬೇಕು? ಮೊದಲು ಬಂದ ದಾರಿಯೇ ಗತಿ: ಚಕ್ರದ ಸ್ಕೇಟು, ಗಟ್ಟಿ ನೆಲ.

2024: ಒಕ್ಕೂಟಕ್ಕೆ ಸೇರ್ಪಡೆ

ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟ 1908ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಸಂಸ್ಥೆ. 2024ರ ಸೆಪ್ಟೆಂಬರ್‌ನಲ್ಲಿ ಅದು ಕೆನ್ಯಾವನ್ನು ಸಹ ಸದಸ್ಯ ದೇಶವಾಗಿ ಸೇರಿಸಿಕೊಂಡಿತು. ಆಫ್ರಿಕಾದಿಂದ ಅದಕ್ಕೂ ಮುಂಚೆ ಸೇರಿದ್ದ ದೇಶಗಳೆಂದರೆ ದಕ್ಷಿಣ ಆಫ್ರಿಕಾ, ಮೊರಾಕ್ಕೊ, ಅಲ್ಜೀರಿಯಾ ಮತ್ತು ಟ್ಯುನೀಷಿಯಾ. ಸಹ ಸದಸ್ಯರಿಗೆ ಪೂರ್ಣ ಸದಸ್ಯರಂತೆ ಮತದ ಹಕ್ಕಿಲ್ಲ. ಆದರೆ ತರಬೇತುದಾರರು ಮತ್ತು ಅಂಪೈರ್‌ಗಳಿಗೆ ಶಿಬಿರ, ಮಕ್ಕಳ ಆಟದ ಕಾರ್ಯಕ್ರಮ, ಬೇರೆ ದೇಶಗಳ ಸಂಪರ್ಕ ಇವೆಲ್ಲಕ್ಕೆ ಬಾಗಿಲು ತೆರೆಯುತ್ತದೆ. ಒಂದು ಹೋಟೆಲಿನ ರಿಂಕಿನಲ್ಲಿ ಗೆಳೆಯರು ಕೂಡಿ ಶುರುಮಾಡಿದ ಆಟಕ್ಕೆ ಎಂಟೇ ವರ್ಷದಲ್ಲಿ ದೇಶದ ಹೆಸರು ಸಿಕ್ಕಿತು.

ಉಳಿದಿರುವ ಕಷ್ಟಗಳು

ಒಂದನೆಯದು, ರಿಂಕ್ ಕ್ಲಬ್ಬಿನದಲ್ಲ. ಅದು ಖಾಸಗಿ ಹೋಟೆಲಿನ ಸೊತ್ತು. ಹೋಟೆಲಿಗೆ ಲಾಭವಿಲ್ಲವೆಂದು ಕಂಡ ದಿನ ಯಂತ್ರ ನಿಲ್ಲಿಸಿದರೆ, ಇಡೀ ದೇಶದ ಐಸ್ ಹಾಕಿ ನಿಲ್ಲುತ್ತದೆ.

ಎರಡನೆಯದು, ಅಳತೆ. ಚಿಕ್ಕ ಅಂಗಳದಲ್ಲಿ ಅಂತರರಾಷ್ಟ್ರೀಯ ಪಂದ್ಯ ನಡೆಸಲಾಗದು. ಅಂದರೆ ಎದುರಾಳಿಯನ್ನು ಮನೆಗೆ ಕರೆಯುವ ಹಾಗಿಲ್ಲ, ಯಾವಾಗಲೂ ತಾವೇ ಹೋಗಬೇಕು. ಹೋಗಲು ವಿಮಾನದ ಖರ್ಚು, ವೀಸಾ.

ಮೂರನೆಯದು, ಮಕ್ಕಳು. ಇಂದು ಆಡುತ್ತಿರುವವರು ಹತ್ತು ವರ್ಷದಲ್ಲಿ ನಿವೃತ್ತರಾಗುತ್ತಾರೆ. ಅಷ್ಟರೊಳಗೆ ಹತ್ತು ಹನ್ನೆರಡು ವಯಸ್ಸಿನ ಮಕ್ಕಳು ಐಸಿಗೆ ಇಳಿದಿರಬೇಕು. ಮಕ್ಕಳಿಗೆ ಟಿಕೆಟ್, ಬಸ್ ಖರ್ಚು, ವರ್ಷ ವರ್ಷ ಬದಲಾಗುವ ಪಾದದ ಅಳತೆಗೆ ಹೊಸ ಸ್ಕೇಟು ಬೇಕು. ಹಿರಿಯ ಆಟಗಾರರೇ ಈಗ ಮಕ್ಕಳಿಗೆ ಕಲಿಸುತ್ತಿದ್ದಾರೆ. ಕ್ಲಬ್ಬಿನ ನಿಜವಾದ ಭವಿಷ್ಯ ನಿಂತಿರುವುದು ಪದಕದಲ್ಲಲ್ಲ, ಈ ಪಾಠದಲ್ಲಿ.

ಇದೇ ದಾರಿಯ ಇತರ ದೇಶಗಳು

ಜಮೈಕಾ: 2012ರಲ್ಲಿ ಸಹ ಸದಸ್ಯವಾಯಿತು. ದೇಶದಲ್ಲಿ ಒಂದೂ ಐಸ್ ರಿಂಕ್ ಇಲ್ಲ. ಕೆನಡಾ, ಅಮೆರಿಕದಲ್ಲಿ ನೆಲೆಸಿದ ಜಮೈಕಾ ಮೂಲದ ಆಟಗಾರರನ್ನು ಕೂಡಿಸಿ ತಂಡ ಕಟ್ಟಿ, 2019ರಲ್ಲಿ ಫ್ಲೋರಿಡಾದಲ್ಲಿ ನಡೆದ ಲ್ಯಾಟಿನ್ ಅಮೆರಿಕ ಭಾಗದ ಟೂರ್ನಿ ಗೆದ್ದಿತು. ಆದರೆ ಊರಿನ ಮಕ್ಕಳಿಗೆ ಆಟ ಮುಟ್ಟಲಿಲ್ಲ. ಕೆನ್ಯಾದ ದಾರಿ ಇದಕ್ಕೆ ತಿರುಗುಮುರುಗು: ಆಟಗಾರರೆಲ್ಲ ಊರಿನವರೇ, ಗೆಲುವು ಆಮೇಲೆ.

ಫಿಲಿಪ್ಪೀನ್ಸ್: ಮಾಲ್‌ಗಳ ಒಳಗಿನ ರಿಂಕ್‌ಗಳಲ್ಲಿ ಆಟ ಬೆಳೆಯಿತು. 2016ರಲ್ಲಿ ಒಕ್ಕೂಟಕ್ಕೆ ಸೇರಿ, 2017ರ ಆಗ್ನೇಯ ಏಷ್ಯಾ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಿತು. ವ್ಯಾಪಾರಕ್ಕೆ ಇಟ್ಟ ರಿಂಕಿನಿಂದಲೂ ದೇಶದ ತಂಡ ಎದ್ದು ಬರಬಹುದು ಎಂಬುದಕ್ಕೆ ಇದೇ ಉದಾಹರಣೆ.

ಭಾರತ: ನಾವು 1989ರಿಂದ ಒಕ್ಕೂಟದ ಸದಸ್ಯರು. ಚಳಿಗಾಲದಲ್ಲಿ ಕೆರೆಗಳು ಹೆಪ್ಪುಗಟ್ಟುವ ಲಡಾಖ್ ನಮ್ಮ ಐಸ್ ಹಾಕಿಯ ತವರು. ಸೈನಿಕರೂ ಊರ ಯುವಕರೂ ಅಲ್ಲಿ ಆಟವನ್ನು ಉಳಿಸಿ ಬೆಳೆಸಿದರು. ಮಹಿಳಾ ತಂಡ 2016ರಲ್ಲಿ ಮೊದಲ ಸಲ ಅಂತರರಾಷ್ಟ್ರೀಯ ಟೂರ್ನಿ ಆಡಿತು. 2017ರಲ್ಲಿ ಬ್ಯಾಂಕಾಕ್‌ನಲ್ಲಿ ಫಿಲಿಪ್ಪೀನ್ಸ್ ತಂಡವನ್ನು 4–3ರಲ್ಲಿ ಸೋಲಿಸಿ ಮೊದಲ ಗೆಲುವು ಕಂಡಿತು. 2025ರಲ್ಲಿ ಯುಎಇಯಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಕಂಚು ತಂದಿತು. ಆಟಗಾರ್ತಿಯರಲ್ಲಿ ಹೆಚ್ಚಿನವರು ಲಡಾಖಿನವರೇ. ಇನ್ನೊಂದೆಡೆ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆಂದು ಡೆಹ್ರಾಡೂನಿನಲ್ಲಿ ಕಟ್ಟಿದ ದೊಡ್ಡ ರಿಂಕ್, ಕೂಟ ಮುಗಿದ ಮೇಲೆ ನಡೆಸುವ ಖರ್ಚಿಗೆ ಗತಿಯಿಲ್ಲದೆ ವರ್ಷಗಟ್ಟಲೆ ಬಾಗಿಲು ಹಾಕಿಕೊಂಡಿತ್ತು. ದುರಸ್ತಿಯಾಗಿ ಮತ್ತೆ ತೆರೆದದ್ದು 2025ರಲ್ಲಿ. ಕಟ್ಟುವುದಕ್ಕಿಂತ ನಡೆಸುವುದು ಕಷ್ಟ ಎಂಬುದು ಅಲ್ಲಿಗೂ ನೈರೋಬಿಗೂ ಒಂದೇ.

ನಮ್ಮ ಮಕ್ಕಳಿಗೆ

ಬೆಳಗಾವಿ, ಮೈಸೂರು, ಬೆಂಗಳೂರು ಮೊದಲಾದ ಊರುಗಳಲ್ಲಿ ರೋಲರ್ ಸ್ಕೇಟಿಂಗ್ ಕಲಿಯುವ ಮಕ್ಕಳು ಬಹಳ. ಗಡಿಯ ಊರುಗಳಿಂದಲೂ ಅಲ್ಲಿಗೆ ಹೋಗುವವರಿದ್ದಾರೆ. ಆ ಮಕ್ಕಳಿಗೆ ರೋಲರ್ ಹಾಕಿ, ಇನ್‌ಲೈನ್ ಹಾಕಿ ಎಂಬ ಆಟಗಳೂ ಇವೆಯೆಂದು ತಿಳಿದಿರಲಿ. ನೈರೋಬಿಯ ಹುಡುಗರು ಐಸಿಗೆ ಬಂದದ್ದು ಇದೇ ಚಕ್ರಗಳ ಮೇಲೆ.

ಇಷ್ಟು ವಿವರ ಕೊಟ್ಟದ್ದಕ್ಕೆ ಒಂದು ಕಾರಣವಿದೆ. ಸ್ವಂತ ಜಾಗವಿಲ್ಲದೆ, ಬೇರೆಯವರ ಕಟ್ಟಡದಲ್ಲಿ ಗಂಟೆಯ ಲೆಕ್ಕಕ್ಕೆ ಜಾಗ ಹಿಡಿದು, ಹಳೆಯ ಸಾಮಾನು ಹಂಚಿಕೊಂಡು, ಮುಂದಿನ ತಲೆಮಾರು ಬರುತ್ತದೋ ಇಲ್ಲವೋ ಎಂಬ ಚಿಂತೆಯಲ್ಲೇ ವಾರ ವಾರ ಕೂಡುವುದು ಏನೆಂದು ನಮ್ಮ ಸದಸ್ಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಐಸ್ ಲಯನ್ಸ್ ಇಂದಿಗೂ ದೊಡ್ಡ ತಂಡವಲ್ಲ. ಆದರೆ ಎದುರಾಳಿ ಸಿಗುವವರೆಗೆ ತಮ್ಮಲ್ಲೇ ಆಡಿ ಅಭ್ಯಾಸ ಬಿಡದಿದ್ದ ಕಾರಣದಿಂದಲೇ, ಕರೆ ಬಂದ ದಿನ ಹೋಗಿ ಆಡಲು ಅವರ ಬಳಿ ಒಂದು ತಂಡವಿತ್ತು.